ಕನ್ನಡಕ ಹಾಕಿಸಿದರೆ ಸದ್ದಿನ ಭಯ ಹೋಗುತ್ತಾ?

ಮಕ್ಕಳು ಮತ್ತು ಸದ್ದಿನ ತೊಂದರೆ ಬಗ್ಗೆ ಬಂದ ಪತ್ರಗಳಲ್ಲಿ ಈ ಸಲ ವಿ.ಆರ್. ಹೆಡ್‌ಸೆಟ್ ಮತ್ತು ಮೈಂಡ್‌ಫುಲ್‌ನೆಸ್ ಜೊತೆಜೊತೆಗೇ ಕಾಣಿಸಿಕೊಂಡಿವೆ. ಮೊದಲನೆಯದು ಕನ್ನಡಕದ ಹಾಗೆ ಕಣ್ಣಿಗೆ ಕಟ್ಟಿಕೊಂಡರೆ ಕಂಪ್ಯೂಟರ್ ಕಟ್ಟಿದ ಲೋಕ ಸುತ್ತಲೂ ಕಾಣಿಸುವ ಸಾಧನ, ಎರಡನೆಯದು ಈ ಕ್ಷಣ ಮೈಯಲ್ಲಿ, ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಸುಮ್ಮನೆ ಗಮನಿಸುವ ಅಭ್ಯಾಸ. ಕೆಲವರು ತುಂಬಾ ಆಸೆ ಇಟ್ಟುಕೊಂಡು ಬರೆದಿದ್ದಾರೆ, ಕೆಲವರಿಗೆ ಭಯ. ಪತ್ರಗಳನ್ನು ಚಿಕ್ಕದು ಮಾಡಿ, ಯಾರದೆಂದು ಗುರುತು ಸಿಗದ ಹಾಗೆ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳಿಗೆ 9 ವರ್ಷ. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಬಲೂನು ಕಂಡರೆ ಆ ಕೋಣೆಗೇ ಬರುವುದಿಲ್ಲ. ಪರೀಕ್ಷೆ ಮಾಡಿಸಿದಾಗ ಕಿವಿ ಚೆನ್ನಾಗಿದೆ ಎಂದರು. ಈಗ ಥೆರಪಿಸ್ಟ್ ಒಬ್ಬರು ವಿ.ಆರ್. ಹಾಕಿಸಿ ಮೈಂಡ್‌ಫುಲ್‌ನೆಸ್ ಮಾಡಿಸೋಣ ಎನ್ನುತ್ತಿದ್ದಾರೆ. ಇದು ಚಿಕಿತ್ಸೆಯಾ, ಆಟವಾ?

ಉತ್ತರ: ಮೊದಲ ಮಾತು, ನಿಮ್ಮ ಮಗಳು ನಾಟಕ ಮಾಡುತ್ತಿಲ್ಲ. ಮನೆಯವರೆಲ್ಲ ಇದನ್ನು ಒಪ್ಪಿಕೊಳ್ಳಬೇಕು. ಕಿವಿ ಚೆನ್ನಾಗಿದ್ದರೂ ದಿನನಿತ್ಯದ ಸದ್ದು ಸಹಿಸಲಾಗದಷ್ಟು ಜೋರಾಗಿ, ಕೆಲವು ಸಲ ನೋವಾಗಿಯೇ ಕೇಳಿಸುವ ಸ್ಥಿತಿಗೆ ಹೈಪರ್‌ಅಕ್ಯೂಸಿಸ್ ಅಂತಾರೆ. ಬಲೂನಿನ ವಿಷಯ ಸ್ವಲ್ಪ ಬೇರೆ. ಅದು ಇನ್ನೂ ಒಡೆದಿಲ್ಲ, ಆಗಲೇ ಅವಳಿಗೆ ಭಯ. ಅಂದರೆ ಸದ್ದಿಗಿಂತ ಜಾಸ್ತಿ, ಸದ್ದು ಯಾವಾಗ ಬರುತ್ತದೋ ಎಂದು ಕಾಯುವುದೇ ಅವಳನ್ನು ಹಿಂಡುತ್ತಿದೆ. ಎರಡೂ ಒಂದೇ ಮಗುವಿನಲ್ಲಿ ಇರಬಹುದು. ಆಟಿಸಂ ಇರುವ ಮಕ್ಕಳಲ್ಲಿ ಇದು ಜಾಸ್ತಿ ಕಾಣುತ್ತದೆ, ಆದರೆ ಆಟಿಸಂ ಇಲ್ಲದ ಮಕ್ಕಳಿಗೂ ಬರುತ್ತದೆ.

ಮಾಮೂಲಿ ಶ್ರವಣ ಪರೀಕ್ಷೆ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅನ್ನುವುದನ್ನು ಅಳೆಯುತ್ತದೆ. ಎಷ್ಟು ಜೋರಾದರೆ ತಡೆಯಲಾಗುವುದಿಲ್ಲ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ರಿಪೋರ್ಟ್ ನಾರ್ಮಲ್ ಬಂತು ಎಂದ ಮಾತ್ರಕ್ಕೆ ತೊಂದರೆ ಇಲ್ಲ ಎಂದಲ್ಲ. ಇಂಥ ಮಕ್ಕಳಲ್ಲಿ ಮೆದುಳು ಒಳಗೆ ಬರುವ ಸದ್ದಿನ ವಾಲ್ಯೂಮನ್ನು ತಾನೇ ಏರಿಸಿಕೊಂಡಿರುತ್ತದೆ ಅನ್ನುವುದು ಈಗ ಹೆಚ್ಚಿನವರು ಕೊಡುವ ವಿವರಣೆ. ಇದಕ್ಕೆ ಹತ್ತಿರದ ಒಂದು ಪ್ರಯೋಗ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕ್ರೇಗ್ ಫಾರ್ಮ್‌ಬಿ ಮತ್ತು ಸಂಗಡಿಗರು ಕಿವಿ ಚೆನ್ನಾಗಿದ್ದ ಜನರಿಗೆ 2 ವಾರ ಇಯರ್‌ಪ್ಲಗ್ ಹಾಕಿಸಿದರು. ತೆಗೆದ ಮೇಲೆ ಅದೇ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು. ಕಿವಿಯಲ್ಲಿ ಸದಾ ಮೆಲ್ಲನೆಯ ಶೂ ಎನ್ನುವ ಸದ್ದು ಇಟ್ಟುಕೊಂಡಾಗ ಆದದ್ದು ಇದರ ಉಲ್ಟಾ. ಆದ್ದರಿಂದ ದಿನವಿಡೀ ಕಿವಿ ಮುಚ್ಚಿಡಬೇಡಿ. ಪಟಾಕಿಯಂಥ ನಿಜವಾಗಿಯೂ ಅಪಾಯದ ಸದ್ದಿಗೆ ರಕ್ಷಣೆ ಬೇಕೇ ಬೇಕು. ಮನೆಯ ಮಾಮೂಲಿ ಸದ್ದಿಗೆ ಅಲ್ಲ.

ಇನ್ನು ವಿ.ಆರ್. ವಿಷಯ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಾರೆ, ಅದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬೇಡಿ. ಒಂದು ಕೆಲಸ ಗಮನವನ್ನು ಬೇರೆ ಕಡೆ ಸೆಳೆಯುವುದು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟ ಗಾಯದ ರೋಗಿಗಳಿಗಾಗಿ ಸ್ನೋವರ್ಲ್ಡ್ ಎಂಬ ವಿ.ಆರ್. ಲೋಕವನ್ನೇ ಕಟ್ಟಿಸಿದರು. ಗಾಯ ತೊಳೆಯುವಾಗ ರೋಗಿ ಹಿಮದ ಕಣಿವೆಯಲ್ಲಿ ಹಿಮದ ಉಂಡೆ ಎಸೆಯುತ್ತಾ ಇರುತ್ತಾನೆ, ನೋವು ಕಡಿಮೆ ಅನಿಸುತ್ತದೆ. ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು, ಯಾಕೆಂದರೆ ಗಾಯ ತೊಳೆಯುವುದು ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಸದ್ದು ಮುಗಿಯುವುದಿಲ್ಲ ಅಲ್ವಾ? ಅದು ನಾಳೆಯೂ ಇರುತ್ತದೆ, ಶಾಲೆಯಲ್ಲೂ ಇರುತ್ತದೆ.

ಮೈಂಡ್‌ಫುಲ್‌ನೆಸ್ ಎರಡನೆಯ ಕೆಲಸ, ಮೊದಲನೆಯದಕ್ಕೆ ಹೆಚ್ಚುಕಡಿಮೆ ವಿರುದ್ಧ. ಇಲ್ಲಿ ಸದ್ದಿನಿಂದ ಓಡುವುದಿಲ್ಲ. ಸದ್ದು ಬಂತು, ಎದೆ ಬಡಿಯಿತು, ಭುಜ ಬಿಗಿಯಾಯಿತು, ಈಗ ಸ್ವಲ್ಪ ಸಡಿಲವಾಯಿತು ಎಂದು ಮಗು ತನ್ನಲ್ಲೇ ಗಮನಿಸುವುದನ್ನು ಕಲಿಯುತ್ತದೆ. ಕಣ್ಣು ಮುಚ್ಚಿ ಕೂತು ಇದನ್ನು ಮಾಡು ಎಂದರೆ 9 ವರ್ಷದ ಮಗುವಿಗೆ ಕಷ್ಟ. ವಿ.ಆರ್. ಸಹಾಯಕ್ಕೆ ಬರುವುದು ಇಲ್ಲೇ. ಕೆರೆಯ ದಡದಲ್ಲಿ ಕೂತ ಹಾಗೆ ಒಂದು ಜಾಗ ಕಾಣುತ್ತದೆ, ಸದ್ದು ಒಂದು ದಿಕ್ಕಿನಿಂದ, ಒಂದು ದೂರದಿಂದ ಬರುತ್ತದೆ, ತಲೆ ತಿರುಗಿಸಿದರೂ ಸದ್ದು ಮೊದಲಿದ್ದ ಕಡೆಯೇ ಉಳಿಯುತ್ತದೆ. ಮಗು ಆ ಸದ್ದನ್ನು ದೂರ ತಳ್ಳಬಹುದು, ಹತ್ತಿರ ಕರೆಯಬಹುದು, ನಿಲ್ಲಿಸಬಹುದು. ಸದ್ದಿನ ವಿಷಯದಲ್ಲಿ ಈ ಮಕ್ಕಳಿಗೆ ಯಾವತ್ತೂ ಸಿಗದ ಅಧಿಕಾರ ಅದು. ನನ್ನ ಮಟ್ಟಿಗೆ ಹೆಡ್‌ಸೆಟ್‌ನ ಬೆಲೆ ಇರುವುದು ಚಿತ್ರದಲ್ಲಿ ಅಲ್ಲ, ಈ ಅಧಿಕಾರದಲ್ಲಿ.

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2020ರಲ್ಲಿ ಸೌಂಡ್‌ಫೀಲ್ಡ್ಸ್ ಎಂಬ ವಿ.ಆರ್. ಆಟದ ಬಗ್ಗೆ ಬರೆದರು. ಸದ್ದು ಸಹಿಸಲಾಗದ ಆಟಿಸಂ ಇರುವ ಹದಿಹರೆಯದವರು ಆಡುತ್ತಾ ಆಡುತ್ತಾ ತಮಗೆ ಆಗದ ಸದ್ದುಗಳನ್ನು ಎದುರಿಸಿದರು, ಕೊನೆಗೆ ಆ ಸದ್ದುಗಳ ಬಗ್ಗೆ ಇದ್ದ ಹಿಂಸೆ ಕಡಿಮೆಯಾಗಿತ್ತು. ಅದು ಚಿಕ್ಕ ಗುಂಪು, ಮೈಂಡ್‌ಫುಲ್‌ನೆಸ್ ಅಲ್ಲ, ಮೆಲ್ಲಗೆ ಅಭ್ಯಾಸ ಮಾಡಿಸುವ ವಿಧಾನ. ಮಕ್ಕಳು, ಸದ್ದು, ವಿ.ಆರ್., ಮೈಂಡ್‌ಫುಲ್‌ನೆಸ್ ನಾಲ್ಕೂ ಸೇರಿದ ಸಂಶೋಧನೆ ಇನ್ನೂ ಶುರುವಿನ ಹಂತದಲ್ಲೇ ಇದೆ. ಆದ್ದರಿಂದ ಯಾರಾದರೂ ಗ್ಯಾರಂಟಿ ಎಂದರೆ ಎದ್ದು ಬನ್ನಿ. ನಿಮ್ಮ ಥೆರಪಿಸ್ಟನ್ನು ಒಂದೇ ಮಾತು ಕೇಳಿ: ಸದ್ದು ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿ ಇರುತ್ತದೆ? ಮಗಳ ಕೈಯಲ್ಲಿ ಎಂದರೆ ಶುರು ಮಾಡಬಹುದು.

ಪ್ರಶ್ನೆ: ಮಗನಿಗೆ 12. ಅವರಪ್ಪ ಊಟ ಮಾಡುವ ಸದ್ದು ಕೇಳಿದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ, ಒಮ್ಮೊಮ್ಮೆ ಕಿರುಚುತ್ತಾನೆ. ಹೊರಗಿನವರ ಸದ್ದು ಅಷ್ಟು ತೊಂದರೆ ಇಲ್ಲ. ಅವನ ಅಪ್ಪ ಇದನ್ನು ಕೊಬ್ಬು ಎನ್ನುತ್ತಾರೆ. ವಿ.ಆರ್.ನಲ್ಲಿ ಅಗಿಯುವ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ಅಭ್ಯಾಸ ಆಗುತ್ತಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಹುಡುಗಿಗೂ ನಿಮ್ಮ ಮಗನಿಗೂ ದೊಡ್ಡ ವ್ಯತ್ಯಾಸ ಇದೆ. ಅವಳಿಗೆ ತೊಂದರೆ ಸದ್ದಿನ ಜೋರಿನದು. ನಿಮ್ಮ ಮಗನಿಗೆ ಜೋರಿನ ಪ್ರಶ್ನೆಯೇ ಇಲ್ಲ, ಮೆಲ್ಲಗೆ ಅಗಿದರೂ ಸಿಟ್ಟು, ಹೇಸಿಗೆ ಒಟ್ಟಿಗೆ ಉಕ್ಕುತ್ತದೆ. ಇದಕ್ಕೆ ಮಿಸೋಫೋನಿಯಾ ಎಂದು ಹೆಸರು. ಈ ಹೆಸರು ಕೊಟ್ಟವರು ಮಾರ್ಗರೆಟ್ ಮತ್ತು ಪಾವೆಲ್ ಜಸ್ಟ್ರೆಬಾಫ್, 2001ರಲ್ಲಿ. ಎಲ್ಲರೂ ಒಪ್ಪುವ ವ್ಯಾಖ್ಯಾನವೊಂದನ್ನು ತಜ್ಞರ ಗುಂಪು ಕೂತು ಮಾಡಿದ್ದು 2022ರಲ್ಲಿ, ಅಂದರೆ ಇದೆಲ್ಲ ಬಹಳ ಹೊಸದು. ಹಾಗಾಗಿ ನಿಮ್ಮ ಡಾಕ್ಟರಿಗೆ ಇದರ ಪರಿಚಯ ಇಲ್ಲದಿದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ.

ಕೊಬ್ಬು ಎನ್ನುವ ಅಪ್ಪನಿಗೆ ಇದನ್ನು ಓದಿ ಹೇಳಿ. 2017ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸುಖ್‌ಬಿಂದರ್ ಕುಮಾರ್ ಮತ್ತು ಜೊತೆಯವರು ಮಿಸೋಫೋನಿಯಾ ಇರುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಅಗಿಯುವ, ಉಸಿರಾಡುವ ಸದ್ದು ಕೇಳಿಸಿದಾಗ ಇನ್ಸುಲಾ ಎಂಬ ಭಾಗ ಬೇರೆಯವರಿಗಿಂತ ಬಹಳ ಜಾಸ್ತಿ ಚುರುಕಾಗುತ್ತಿತ್ತು, ಹೃದಯದ ಬಡಿತ ಏರುತ್ತಿತ್ತು, ಚರ್ಮದ ಬೆವರು ಹೆಚ್ಚುತ್ತಿತ್ತು. ಮಳೆ ಸದ್ದು ಕೇಳಿಸಿದಾಗ ಅವರಿಗೂ ಬೇರೆಯವರಿಗೂ ನಡುವೆ ಇಂಥ ವ್ಯತ್ಯಾಸ ಕಾಣಲಿಲ್ಲ. ಬೇಕೆಂದು ಯಾರೂ ಹೃದಯದ ಬಡಿತ ಏರಿಸಿಕೊಳ್ಳುವುದಿಲ್ಲ. ಮನೆಯವರ ಸದ್ದೇ ಜಾಸ್ತಿ ಕೆರಳಿಸುವುದೂ ಇದರಲ್ಲಿ ಮಾಮೂಲು, ಅದು ಅಪ್ಪನ ಮೇಲಿನ ದ್ವೇಷ ಅಲ್ಲ.

ಜೋರು ಸದ್ದಿನ ಭಯಕ್ಕೆ ಮೆಲ್ಲಗೆ ಅಭ್ಯಾಸ ಮಾಡಿಸುವುದು ನಡೆಯುತ್ತದೆ, ಆದರೆ ಮಿಸೋಫೋನಿಯಾದಲ್ಲಿ ಆಗದ ಸದ್ದನ್ನೇ ಸುಮ್ನೆ ಮತ್ತೆ ಮತ್ತೆ ಕೇಳಿಸಿದರೆ ಎಷ್ಟೋ ಜನರಿಗೆ ಸಿಟ್ಟು ಇಳಿಯುವ ಬದಲು ಗಟ್ಟಿಯಾಗುತ್ತದೆ. ಹೆಡ್‌ಸೆಟ್ ಬಳಸುವುದಾದರೆ ಅಗಿಯುವ ಸದ್ದೇ ಇಲ್ಲದೆ ಬಳಸಿ. ಮಗ ಶಾಂತವಾಗಿರುವಾಗ ಸಿಟ್ಟು ಮೈಯಲ್ಲಿ ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಸಲು ಕಲಿಯಲಿ: ದವಡೆಯಾ, ಮುಷ್ಟಿಯಾ, ಹೊಟ್ಟೆಯಾ. ಆ ಮೊದಲ ಕ್ಷಣ ಅವನಿಗೆ ಸಿಕ್ಕಿದರೆ ಕಿರುಚುವ ಮೊದಲು ಬೇರೆ ಏನಾದರೂ ಮಾಡಲು ಸ್ವಲ್ಪ ಜಾಗ ಸಿಗುತ್ತದೆ. ಊಟದ ಹೊತ್ತಿಗೆ ಹಿನ್ನೆಲೆಯಲ್ಲಿ ಮೆಲ್ಲಗೆ ಸಂಗೀತ ಇರಲಿ. ಎದ್ದು ಹೋಗಬೇಕು ಅನಿಸಿದರೆ ಕೈ ಸನ್ನೆ ಮಾಡಿ ಹೋಗಲಿ, ಸ್ವಲ್ಪ ಹೊತ್ತಿಗೆ ವಾಪಸ್ ಬರಲಿ, ಬಂದಾಗ ಯಾರೂ ಏನೂ ಅನ್ನಬಾರದು. ಇದರಿಂದ ಮನೆಯಲ್ಲಿ ಅರ್ಧ ಜಗಳ ನಿಲ್ಲುತ್ತದೆ, ನಂಬಿ. ಇದಕ್ಕೆ ಮಾತಿನ ಚಿಕಿತ್ಸೆ, ಅಂದರೆ ಸಿ.ಬಿ.ಟಿ. ಗೊತ್ತಿರುವ ಮನಶ್ಶಾಸ್ತ್ರಜ್ಞರು ಸಿಕ್ಕರೆ ಹೆಡ್‌ಸೆಟ್‌ಗಿಂತ ಮೊದಲು ಅವರನ್ನು ನೋಡಿ.

ಪ್ರಶ್ನೆ: ನನಗೆ 15. ರಾತ್ರಿ ಮಲಗಿದಾಗ ಕಿವಿಯಲ್ಲಿ ಕುಂಯ್ ಎಂದು ಸದ್ದು. ಮನೆಯಲ್ಲಿ ಹೇಳಿಲ್ಲ. ಮೈಂಡ್‌ಫುಲ್‌ನೆಸ್ ಆ್ಯಪ್ ಹಾಕಿ ಕೂತರೆ ಸದ್ದು ಇನ್ನೂ ಜಾಸ್ತಿ ಆಯಿತು. ನನಗೆ ಏನಾದರೂ ದೊಡ್ಡ ಕಾಯಿಲೆ ಇದೆಯಾ?

ಉತ್ತರ: ಬರೆದದ್ದು ಬಹಳ ಒಳ್ಳೆಯದಾಯಿತು. ಇವತ್ತೇ ಮನೆಯಲ್ಲೂ ಹೇಳು. ಇದಕ್ಕೆ ಟಿನಿಟಸ್ ಎನ್ನುತ್ತಾರೆ. ಮಕ್ಕಳಲ್ಲೂ ಇದೆ, ಆದರೆ ಯಾರಾದರೂ ಕೇಳುವ ತನಕ ಹೆಚ್ಚಿನ ಮಕ್ಕಳು ಹೇಳುವುದೇ ಇಲ್ಲ, ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿರುತ್ತಾರೆ. ಬಹಳಷ್ಟು ಸಲ ಇದರ ಹಿಂದೆ ದೊಡ್ಡ ಕಾಯಿಲೆ ಇರುವುದಿಲ್ಲ. ಕಿವಿಯ ಗುಗ್ಗೆ, ನೆಗಡಿಯಿಂದ ಕಿವಿಯ ಒಳಗೆ ತುಂಬಿದ ದ್ರವ, ಜೋರಾಗಿ ಇಯರ್‌ಫೋನ್ ಕೇಳಿದ್ದು, ಹೀಗೆ ಕಾರಣ ಇರಬಹುದು. ಡಾಕ್ಟರ್ ಕಿವಿ ನೋಡಲಿ, ಶ್ರವಣ ಪರೀಕ್ಷೆ ಆಗಲಿ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿ ಬಡಿತದ ತಾಳಕ್ಕೆ ಬರುತ್ತಿದ್ದರೆ, ತಲೆ ಸುತ್ತಿದರೆ ಬೇಗ ಹೋಗು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸುವುದೇ ಕಡಿಮೆಯಾದರೆ ಅವತ್ತೇ ಹೋಗಬೇಕು, ಅದು ತುರ್ತು.

ಕೂತು ಗಮನಿಸಿದಾಗ ಸದ್ದು ಯಾಕೆ ಏರಿತು? 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಎಂದು ಕೇಳಿದರು. ಶೇ 94 ಜನರಿಗೆ ಏನೋ ಒಂದು ಸದ್ದು ಕೇಳಿಸಿತ್ತು. ಹೊರಗೆ ನಿಶ್ಶಬ್ದ ಇದ್ದಷ್ಟೂ ಒಳಗಿನ ಸದ್ದು ಎದ್ದು ಕಾಣುತ್ತದೆ. ನೀನು ನಿಶ್ಶಬ್ದದಲ್ಲಿ ಕೂತು ಗಮನವನ್ನೂ ಅದರ ಮೇಲೇ ಇಟ್ಟೆ. ಸದ್ದು ನಿಜವಾಗಿ ಬೆಳೆದಿಲ್ಲ, ನಿನಗೆ ಹತ್ತಿರವಾಯಿತು ಅಷ್ಟೇ. ಮಲಗುವಾಗ ಫ್ಯಾನ್ ಅಥವಾ ಮಳೆಯ ಸದ್ದು ಸಣ್ಣಗೆ ಇಟ್ಟುಕೋ, ಕುಂಯ್ ಅನ್ನುವುದು ಪೂರ್ತಿ ಮುಳುಗುವಷ್ಟು ಜೋರು ಬೇಡ.

ಹಾಗಂತ ಮೈಂಡ್‌ಫುಲ್‌ನೆಸ್ ಕೆಟ್ಟದ್ದಲ್ಲ. ಲಂಡನ್ನಿನ ಲಾರೆನ್ಸ್ ಮೆಕೆನ್ನಾ, ಲಿಜ್ ಮಾರ್ಕ್ಸ್ ಮತ್ತು ಇತರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟಿನಿಟಸ್ ಇರುವ 75 ದೊಡ್ಡವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆ, ಇನ್ನೊಂದಕ್ಕೆ ರಿಲ್ಯಾಕ್ಸೇಶನ್ ಕಲಿಸಿದರು. ಇಬ್ಬರಿಗೂ ಉಪಯೋಗ ಆಯಿತು, ಮೊದಲ ಗುಂಪಿಗೆ ಜಾಸ್ತಿ. ಅಲ್ಲಿ ಗುರು ಇದ್ದರು, ಗುಂಪು ಇತ್ತು, ಮೈ, ಉಸಿರು, ಹೊರಗಿನ ಸದ್ದು ಎಲ್ಲದರ ಮೇಲೂ ಗಮನ ಇಟ್ಟು ರೂಢಿಯಾಗುತ್ತಾ ಬಂದಾಗ ಕಿವಿಯ ಸದ್ದೂ ಅವುಗಳಲ್ಲಿ ಒಂದಾಗುತ್ತದೆ. ಒಬ್ಬನೇ, ಭಯದಲ್ಲಿ, ನಿಶ್ಶಬ್ದದಲ್ಲಿ ಶುರು ಮಾಡುವುದು ಬೇರೆಯೇ ವಿಷಯ. ವಿ.ಆರ್. ಸಿಕ್ಕರೆ ಹರಿಯುವ ನೀರು ಇರುವ ಜಾಗ ಆರಿಸಿಕೋ, ಹಗಲು ಮಾಡು. ಮಲಗುವ ಮುಂಚೆ ಕಣ್ಣ ಮುಂದೆ ಬೆಳಕು ಬೇಡ.

ಪ್ರಶ್ನೆ: ಮಗುವಿಗೆ 6 ವರ್ಷ. ವಿ.ಆರ್. ಹಾಕಬಹುದಾ? ಕಣ್ಣಿಗೆ ತೊಂದರೆ?

ಉತ್ತರ: ಮನೆಯಲ್ಲಿ ಬೇಡ. ಹೆಚ್ಚಿನ ಕಂಪನಿಗಳೇ ಇಷ್ಟು ಚಿಕ್ಕವರಿಗೆ ಬೇಡ ಎನ್ನುತ್ತವೆ. ಮೆಟಾ ಕಂಪನಿ ಕ್ವೆಸ್ಟ್ ಹೆಡ್‌ಸೆಟ್‌ಗೆ ಮೊದಲು 13 ವರ್ಷ ಎಂದಿತ್ತು, 2023ರಲ್ಲಿ ಹೆತ್ತವರ ನಿಗಾದಲ್ಲಿ 10 ವರ್ಷ ಎಂದು ಇಳಿಸಿತು. ಸೋನಿಯ ಪ್ಲೇಸ್ಟೇಶನ್ ವಿ.ಆರ್.ಗೆ 12. ಹೆಡ್‌ಸೆಟ್‌ನ ತೂಕ ಸುಮಾರು ಅರ್ಧ ಕಿಲೋ, ಚಿಕ್ಕ ಕುತ್ತಿಗೆಗೆ ಜಾಸ್ತಿ. ಮಕ್ಕಳ ಎರಡು ಕಣ್ಣಿನ ನಡುವಿನ ಅಂತರ ಕಡಿಮೆ, ಲೆನ್ಸ್ ಸರಿ ಕೂರದಿದ್ದರೆ ಮಸುಕು, ತಲೆನೋವು. ಪರದೆ ಒಂದೇ ದೂರದಲ್ಲಿದ್ದು ಚಿತ್ರ ಮಾತ್ರ ಹತ್ತಿರ ದೂರ ಓಡಾಡುವುದರಿಂದ ಕಣ್ಣು ದಣಿಯುತ್ತದೆ.

ದೊಡ್ಡ ಮಕ್ಕಳಿಗೂ ಹತ್ತು ನಿಮಿಷದ ಒಳಗೇ ಶುರು ಮಾಡಿ, ಕೂತೇ ಮಾಡಲಿ, ಓಡುವ ಹಾರುವ ದೃಶ್ಯ ಬೇಡ, ವಾಕರಿಕೆ ಬಂದರೆ ತಕ್ಷಣ ತೆಗೆಯಿರಿ. ಫಿಟ್ಸ್ ಬಂದ ಮಗುವಾದರೆ ನರರೋಗದ ಡಾಕ್ಟರನ್ನು ಕೇಳದೆ ಹಾಕಲೇಬೇಡಿ. ಮತ್ತೆ ವಾಲ್ಯೂಮ್: ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆಯಾದ ಐ.ಟಿ.ಯು. 2019ರಲ್ಲಿ ಕೊಟ್ಟ ಮಾನದಂಡದಲ್ಲಿ ಮಕ್ಕಳಿಗೆ ವಾರಕ್ಕೆ 40 ಗಂಟೆಗೆ 75 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಎಂಬ ಮಿತಿ ಇದೆ. ನಮ್ಮ ಕೆಲಸಕ್ಕೆ ಅದಕ್ಕಿಂತ ಬಹಳ ಕೆಳಗೇ ಸಾಕು. ನೀವೇ ಮೊದಲು ಹಾಕಿಕೊಂಡು ಪೂರ್ತಿ ಕೇಳಿ ನೋಡಿ, ಶಾಂತ ಎಂದು ಬರೆದಿರುವ ಆ್ಯಪ್‌ನಲ್ಲೂ ಮಧ್ಯೆ ಇದ್ದಕ್ಕಿದ್ದಂತೆ ಗಂಟೆ ಬಾರಿಸುತ್ತದೆ. ಅಂಥ ಒಂದು ಗಂಟೆ ಸಾಕು, ಈ ಮಗು ಮತ್ತೆ ಆ ಹೆಡ್‌ಸೆಟ್ ಹತ್ತಿರ ಬರುವುದಿಲ್ಲ.

ಪ್ರಶ್ನೆ: ಹೆಡ್‌ಸೆಟ್ ಕೊಳ್ಳುವುದು ನಮ್ಮಿಂದ ಆಗದು. ಬೇರೆ ದಾರಿ ಇಲ್ಲವಾ?

ಉತ್ತರ: ಖಂಡಿತ ಇದೆ. ಮೇಲೆ ಹೇಳಿದ ಅಧಿಕಾರವನ್ನು ಒಂದು ಚಿಕ್ಕ ಸ್ಪೀಕರ್ ಕೂಡ ಕೊಡುತ್ತದೆ. ಮಗುವಿಗೆ ಇಷ್ಟವಾದ ಒಂದು ಸದ್ದು ಹಾಕಿ, ವಾಲ್ಯೂಮ್ ಅವನ ಕೈಗೇ ಕೊಡಿ. ಸ್ಪೀಕರನ್ನು ಕೋಣೆಯ ಯಾವ ಮೂಲೆಯಲ್ಲಿ ಇಡಬೇಕು ಎಂದು ಅವನೇ ಹೇಳಲಿ. ಆಮೇಲೆ ಎಲ್ಲಕ್ಕಿಂತ ದೂರದ ಸದ್ದು ಯಾವುದು, ಹತ್ತಿರದ್ದು ಯಾವುದು, ಈಗ ಪಾದ ನೆಲಕ್ಕೆ ಎಲ್ಲಿ ತಾಗುತ್ತಿದೆ ಎಂದು ನಿಧಾನಕ್ಕೆ ಕೇಳುತ್ತಾ ಹೋಗಿ. ಉಸಿರು ಗಮನಿಸು ಎಂದರೆ ಕೆಲವು ಮಕ್ಕಳಿಗೆ ಗಾಬರಿ ಏರುತ್ತದೆ, ಅಂಥವರಿಗೆ ಕೈ, ಪಾದ ಸಾಕು. ಕಣ್ಣು ಮುಚ್ಚಲೇಬೇಕು ಎಂದೂ ಇಲ್ಲ.

ಜೋರು ಸದ್ದಿನ ತೊಂದರೆ ಇರುವ ಮಗುವಾದರೆ, ಇದು ರೂಢಿಯಾದ ಮೇಲೆ, ಥೆರಪಿಸ್ಟ್ ಒಪ್ಪಿದರೆ, ಆಗದ ಸದ್ದಿನ ರೆಕಾರ್ಡಿಂಗನ್ನು ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಸೇರಿಸಬಹುದು. ಏರಿಸುವುದು ಬಿಡುವುದು ಮಗುವಿನ ಇಷ್ಟ. ಆಸೆಯಿಂದ ನೀವು ಒಂದು ಗೆರೆ ಜಾಸ್ತಿ ಏರಿಸಿದರೂ ನಂಬಿಕೆ ಹೋಗುತ್ತದೆ, ಅದನ್ನು ಮತ್ತೆ ಗಳಿಸಲು ಬಹಳ ದಿನ ಬೇಕು.

ಪ್ರಶ್ನೆ: ನಾನು ಶಿಕ್ಷಕಿ. ಇಡೀ ತರಗತಿಗೆ ಒಟ್ಟಿಗೇ ಮೈಂಡ್‌ಫುಲ್‌ನೆಸ್ ಮಾಡಿಸಿದರೆ ಇಂಥ ಮಕ್ಕಳಿಗೂ ಸಹಾಯ ಆಗುತ್ತಲ್ಲವೇ?

ಉತ್ತರ: ಅಷ್ಟು ಸುಲಭ ಅಲ್ಲ. ಬ್ರಿಟನ್ನಿನಲ್ಲಿ ಮಿರಿಯಡ್ ಎಂಬ ದೊಡ್ಡ ಅಧ್ಯಯನ ನಡೆಯಿತು, 8,000ಕ್ಕೂ ಜಾಸ್ತಿ ಶಾಲಾ ಮಕ್ಕಳು. 2022ರಲ್ಲಿ ಫಲಿತಾಂಶ ಬಂದಾಗ, ತರಗತಿಗೆಲ್ಲ ಮೈಂಡ್‌ಫುಲ್‌ನೆಸ್ ಕಲಿಸಿದ್ದು ಮಾಮೂಲಿ ಪಾಠಕ್ಕಿಂತ ಮೇಲು ಎಂದು ಕಾಣಲಿಲ್ಲ. ಬೇಡದೆ ಬಂದ ಪಾಠವನ್ನು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡುವುದೂ ಕಡಿಮೆ. ಸದ್ದಿನ ತೊಂದರೆ ಇರುವ ಮಗುವಿಗಂತೂ ತುಂಬಿದ ತರಗತಿಯಲ್ಲಿ ಸದ್ದನ್ನು ಗಮನಿಸು ಎನ್ನುವುದು ಶಿಕ್ಷೆಯೇ ಆಗಬಹುದು. ನೀವು ಬೇರೆ ಮಾಡಬಹುದಾದದ್ದು ಬಹಳ ಇದೆ. ಬೆಂಚಿನ ಕಾಲಿಗೆ ರಬ್ಬರ್ ಹಾಕಿಸಿ, ಗಂಟೆಯ ಹತ್ತಿರದ ಜಾಗದಿಂದ ಆ ಮಗುವನ್ನು ದೂರ ಕೂರಿಸಿ, ಬೆಂಕಿ ಬಿದ್ದರೆ ಹೊರಗೆ ಹೋಗುವ ಅಭ್ಯಾಸದ ಸೈರನ್ ಇರುವ ದಿನ ಮೊದಲೇ ಹೇಳಿ. ಹೊರಗೆ ಹೋಗಿ ಬರಲು ಒಂದು ಕಾರ್ಡ್ ಕೊಡಿ.

ಪ್ರಶ್ನೆ: ಮಗ ತಿಂಗಳಿಂದ ವಿ.ಆರ್. ಮಾಡುತ್ತಿದ್ದಾನೆ. ಒಳಗೆ ಬಹಳ ಶಾಂತ. ತೆಗೆದರೆ ಮತ್ತೆ ಹಳೇ ಕಥೆ. ಸದ್ದು ಬಂದಾಗಲೆಲ್ಲ ಹೆಡ್‌ಸೆಟ್ ಬೇಕು ಎನ್ನುತ್ತಾನೆ. ಕೊಡಬೇಕಾ?

ಉತ್ತರ: ಸದ್ದು ಬಂದಾಗ ಕೊಡಬೇಡಿ. ಆಗ ಅದು ಇನ್ನೊಂದು ಇಯರ್‌ಪ್ಲಗ್ ಆಗುತ್ತದೆ. ಹೆಡ್‌ಸೆಟ್‌ಗೆ ದಿನದಲ್ಲಿ ಒಂದು ಹೊತ್ತು ಇಡಿ, ಗಲಾಟೆ ಇಲ್ಲದ ಹೊತ್ತು. ತೆಗೆದ ತಕ್ಷಣ ಎದ್ದು ಹೋಗಲು ಬಿಡದೆ ಅದೇ ಕುರ್ಚಿಯಲ್ಲಿ ಎರಡು ನಿಮಿಷ ಕೂರಿಸಿ, ಒಳಗೆ ಮಾಡಿದ್ದನ್ನೇ ಹೊರಗಿನ ಸದ್ದಿನ ಜೊತೆ ಮಾಡಲಿ. ಈ ಎರಡು ನಿಮಿಷವನ್ನೇ ಹೆಚ್ಚಿನ ಕಡೆ ಬಿಟ್ಟುಬಿಡುತ್ತಾರೆ. ವಾರ ಕಳೆದಂತೆ ಒಳಗಿನ ಹೊತ್ತು ಕಡಿಮೆ ಮಾಡಿ, ಹೊರಗಿನದು ಹೆಚ್ಚಿಸಿ.

ಆ್ಯಪ್ ಕೊಡುವ ಅಂಕ, ನಕ್ಷತ್ರ ನೋಡಬೇಡಿ. ನೋಡಬೇಕಾದದ್ದು ಬೇರೆ: ಮೊದಲು ಬಿಟ್ಟು ಹೋಗುತ್ತಿದ್ದ ಕೋಣೆಗೆ ಬರುತ್ತಾನಾ, ಸದ್ದು ನಿಂತ ಮೇಲೆ ಸುಧಾರಿಸಿಕೊಳ್ಳಲು ಹಿಡಿಯುವ ಹೊತ್ತು ಕಡಿಮೆ ಆಗಿದೆಯಾ, ಗೆಳೆಯರ ಮನೆಗೆ ಹೋಗಲು ಒಪ್ಪುತ್ತಾನಾ. ಸದ್ದು ಈಗಲೂ ಇಷ್ಟ ಇಲ್ಲ ಅನ್ನಬಹುದು, ಅದು ಪರವಾಗಿಲ್ಲ. ಇನ್ನೊಂದು ತಿಂಗಳು ಹೀಗೆ ಮಾಡಿಯೂ ಮನೆಯಲ್ಲಿ ಏನೂ ಬದಲಾಗದಿದ್ದರೆ ಹೆಡ್‌ಸೆಟ್ ಎತ್ತಿಟ್ಟು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮತ್ತು ಮನಶ್ಶಾಸ್ತ್ರಜ್ಞರು ಇಬ್ಬರನ್ನೂ ನೋಡಿ, ಮಗನನ್ನು ಜೊತೆಗೆ ಕೂರಿಸಿಕೊಂಡು ಮಾತಾಡಿ. ಯಾವ ಸದ್ದು, ಎಲ್ಲಿ, ಯಾರದು ಎಂದು ಅವನೇ ಬರೆದ ಪಟ್ಟಿ ತೆಗೆದುಕೊಂಡು ಹೋಗಿ.